ಮರೆವಿನ ರೋಗಿಗಳ ಚಳಿಗಾಲದ ಆರೈಕೆ: ಕುಟುಂಬದ ಹೊಣೆ, ಸಂಘದ ಹೊಣೆ

‘ಅರವತ್ತಕ್ಕೆ ಅರಳು ಮರುಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಹಿರಿಯರು ಹೇಳಿದುದನ್ನೇ ಮತ್ತೆ ಮತ್ತೆ ಹೇಳಿದಾಗ, ಕನ್ನಡಕವನ್ನು ಮೂಗಿನ ಮೇಲಿಟ್ಟುಕೊಂಡೇ ಹುಡುಕಿದಾಗ, ಮೊಮ್ಮಗನನ್ನು ಮಗನ ಹೆಸರಿನಿಂದ ಕರೆದಾಗ, ಮನೆಯವರು ಈ ಗಾದೆಯನ್ನು ನೆನೆದು ನಕ್ಕು ಸುಮ್ಮನಾಗುವುದು ವಾಡಿಕೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತಾರೆ. ಆದರೆ ಈ ಒಂದು ಗಾದೆಯು ಅನೇಕ ಕುಟುಂಬಗಳನ್ನು ದಾರಿ ತಪ್ಪಿಸಿದೆ. ಮುಪ್ಪಿನ ಸಹಜವಾದ ಮರೆವು ಬೇರೆ. ಮಿದುಳನ್ನು ಕ್ರಮಕ್ರಮವಾಗಿ ಸವೆಸುವ ಮರೆವಿನ ರೋಗವು ಬೇರೆ. ಮೊದಲನೆಯದಕ್ಕೆ ನಗೆ ಸಾಕು. ಎರಡನೆಯದಕ್ಕೆ ಹಗಲಿರುಳಿನ ಆರೈಕೆ ಬೇಕು. ಆ ಆರೈಕೆಯು ವರ್ಷದ ಹನ್ನೆರಡು ತಿಂಗಳೂ ಕಷ್ಟವಾದುದೇ. ಆದರೂ ನವೆಂಬರದಿಂದ ಫೆಬ್ರವರಿಯವರೆಗಿನ ನಾಲ್ಕು ತಿಂಗಳು ಅದು ಇನ್ನಷ್ಟು ಕಠಿಣವಾಗುತ್ತದೆ ಎಂಬ ಸಂಗತಿಯು ಮುಂಬಯಿಯಂತಹ ನಗರದಲ್ಲಿ ಹೆಚ್ಚಿನವರ ಗಮನಕ್ಕೆ ಬಂದಂತಿಲ್ಲ.

ವೈದ್ಯರು ‘ಡಿಮೆನ್ಷಿಯ’ ಎಂದು ಕರೆಯುವುದು ಒಂದೇ ರೋಗವನ್ನಲ್ಲ. ಹಲವು ರೋಗಗಳಿಂದ ಉಂಟಾಗುವ ಒಂದು ಸ್ಥಿತಿಯನ್ನು. ಅವುಗಳಲ್ಲಿ ಮುಖ್ಯವಾದುದು ಆಲ್‌ಝೈಮರ್ ರೋಗ. ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ 1901ರಲ್ಲಿ ದಾಖಲಾದ 51 ವರ್ಷದ ಮಹಿಳೆಯೊಬ್ಬಳನ್ನು ಪರೀಕ್ಷಿಸಿ, ಆಕೆಯ ಮರಣಾನಂತರ ಮಿದುಳಿನಲ್ಲಿ ಕಂಡ ವಿಕಾರಗಳನ್ನು 1906ರಲ್ಲಿ ವೈದ್ಯರ ಸಭೆಯೊಂದರ ಮುಂದಿಟ್ಟವರು ಡಾ. ಅಲೋಯಿಸ್ ಆಲ್‌ಝೈಮರ್. 1910ರಲ್ಲಿ ಈ ರೋಗಕ್ಕೆ ಅವರ ಹೆಸರೇ ಬಂದಿತು. ರಕ್ತನಾಳಗಳ ತೊಂದರೆಯಿಂದಲೂ, ಪದೇ ಪದೇ ಆಗುವ ಸಣ್ಣ ಲಕ್ವದಿಂದಲೂ ಇದೇ ಬಗೆಯ ಮರೆವು ಬರುವುದುಂಟು. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇಕಡಾ 7.4 ಮಂದಿ, ಎಂದರೆ ಸುಮಾರು 88 ಲಕ್ಷ ಜನ ಈ ಸ್ಥಿತಿಯಲ್ಲಿದ್ದಾರೆ. ಈ ಲೆಕ್ಕವನ್ನು ಒಂದು ಸಂಘದ ಸದಸ್ಯರ ಪಟ್ಟಿಗೆ ಹೊಂದಿಸಿ ನೋಡಿದರೆ, ನೂರು ಹಿರಿಯರಿರುವಲ್ಲಿ ಏಳು ಮನೆಗಳಲ್ಲಾದರೂ ಈ ಸಂಕಟವಿರಬೇಕು. ಆ ಏಳು ಮನೆಗಳು ಯಾವುವೆಂದು ಎಷ್ಟು ಸಂಘಗಳಿಗೆ ತಿಳಿದಿದೆ?

ಮರೆವೆಲ್ಲವೂ ವಾಸಿಯಾಗದ ರೋಗವೆಂದು ತಿಳಿಯುವುದೂ ತಪ್ಪೇ. ಥೈರಾಯ್ಡ್ ಗ್ರಂಥಿಯ ಮಂದಗತಿ, ಬಿ-12 ಜೀವಸತ್ತ್ವದ ಕೊರತೆ, ಮನಸ್ಸಿನ ಖಿನ್ನತೆ ಇವುಗಳಿಂದ ಬಂದ ಮರೆವು ಚಿಕಿತ್ಸೆಗೆ ಬಹಳಮಟ್ಟಿಗೆ ಮಣಿಯುತ್ತದೆ. ಆದುದರಿಂದ ಗಾದೆಯನ್ನು ಬದಿಗಿಟ್ಟು ಮೊದಲು ವೈದ್ಯರಲ್ಲಿಗೆ ಹೋಗುವುದೇ ವಿವೇಕ.

ಮುಂಬಯಿಗೆ ಚಳಿಯಿದೆಯೇ?

ಕುರ್ಲಾದ ನಿವಾಸಿಗಳಿಗೆ ಮಳೆಗಾಲದ ಭಯವನ್ನು ಯಾರೂ ಕಲಿಸಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮೀಠಿ ನದಿ ಉಕ್ಕಿದುದನ್ನು ಇಲ್ಲಿಯ ಜನ ಮರೆತಿಲ್ಲ. ಮೇ ತಿಂಗಳಲ್ಲಿಯೇ ಮಾಡಿಗೆ ತಾಡಪತ್ರಿ ಹೊದಿಸುವ, ನೆಲದ ಸಾಮಾನನ್ನು ಅಟ್ಟಕ್ಕೇರಿಸುವ ಎಚ್ಚರ ಅವರಿಗಿದೆ. ಚಳಿಗಾಲಕ್ಕೆ ಅಂತಹ ಸಿದ್ಧತೆಯಿಲ್ಲ. ಜನವರಿಯಲ್ಲಿಯೂ ರಾತ್ರಿಯ ಉಷ್ಣತೆ ಸರಾಸರಿ 17 ಡಿಗ್ರಿ ಸೆಲ್ಸಿಯಸ್‌ನಷ್ಟಿರುವ ಊರಿನಲ್ಲಿ ಚಳಿಯೆಲ್ಲಿಯದು ಎಂಬುದೇ ಸಾಮಾನ್ಯ ಭಾವನೆ. 1962ರ ಜನವರಿಯಲ್ಲಿ ಸಾಂತಾಕ್ರೂಜ್‌ನ ಉಷ್ಣತೆ 7.4 ಡಿಗ್ರಿಗೆ ಇಳಿದಿತ್ತೆಂಬುದು ದಾಖಲೆಯ ಪುಸ್ತಕದಲ್ಲಿ ಮಾತ್ರ ಉಳಿದಿದೆ.

ಆದರೆ ಚಳಿಯನ್ನು ಉಷ್ಣಮಾಪಕವೊಂದೇ ನಿರ್ಧರಿಸುವುದಿಲ್ಲ. ಅದನ್ನು ತಡೆಯುವ ದೇಹವೂ ನಿರ್ಧರಿಸುತ್ತದೆ. ವೃದ್ಧರ ದೇಹದಲ್ಲಿ ಮಾಂಸಖಂಡ ಕಡಿಮೆ, ನಡುಗಿ ಶಾಖವನ್ನು ಹುಟ್ಟಿಸುವ ಶಕ್ತಿಯೂ ಕಡಿಮೆ. 15ರಿಂದ 18 ಡಿಗ್ರಿಯಷ್ಟು ತಂಪಾದ ಕೋಣೆಯಲ್ಲಿಯೂ ಅಶಕ್ತ ವೃದ್ಧರ ದೇಹೋಷ್ಣತೆಯು ಅಪಾಯದ ಮಟ್ಟವಾದ 35 ಡಿಗ್ರಿಗಿಂತ ಕೆಳಗಿಳಿಯಬಹುದೆಂದು ತಜ್ಞರು ಎಚ್ಚರಿಸುತ್ತಾರೆ. ತಗಡಿನ ಮಾಡಿನ ಕೆಳಗೆ, ತಣ್ಣನೆಯ ಹಾಸುಗಲ್ಲಿನ ಮೇಲೆ ಚಾಪೆ ಹಾಸಿ ಮಲಗುವ ವೃದ್ಧನಿಗೆ ಬೆಳಗಿನ ಜಾವದ ಮುಂಬಯಿಯು ಖಂಡಿತವಾಗಿಯೂ ಚಳಿಯ ಊರೇ.

ಇದಕ್ಕೆ ಹೊಗೆಯೂ ಸೇರುತ್ತದೆ. ಚಳಿಗಾಲದಲ್ಲಿ ಸಮುದ್ರದ ಗಾಳಿಯು ದುರ್ಬಲವಾಗಿ, ವಾಹನಗಳ ಹೊಗೆ ಮತ್ತು ಕಟ್ಟಡ ಕಾಮಗಾರಿಯ ಧೂಳು ನೆಲದ ಸಮೀಪವೇ ನಿಲ್ಲುತ್ತವೆ. ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದ ಇಕ್ಕೆಲಗಳಲ್ಲಿ ವಾಸಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂಜಾನೆ 6 ಗಂಟೆಯ ವಾಯುಸೇವನೆಯು ಈ ದಿನಗಳಲ್ಲಿ ವೃದ್ಧರಿಗೆ ಹಿತಕರವಲ್ಲ. ಬಿಸಿಲು ಚೆನ್ನಾಗಿ ಬಿದ್ದ ಮೇಲೆ ಹೊರಡಿಸುವುದು ಲೇಸು.

ಹೇಳಿಕೊಳ್ಳಲಾಗದ ಚಳಿ

ಇತರ ವೃದ್ಧರಿಗೂ ಮರೆವಿನ ರೋಗಿಗೂ ಇರುವ ಮುಖ್ಯ ವ್ಯತ್ಯಾಸವಿಷ್ಟೆ: ಉಳಿದವರು ‘ಚಳಿಯಾಗುತ್ತಿದೆ, ಕಂಬಳಿ ಕೊಡು’ ಎನ್ನುತ್ತಾರೆ, ಈತನು ಹಾಗೆನ್ನಲಾರನು. ಅವನಿಗೆ ಚಳಿಯ ಅನುಭವವಿದೆ, ಅದನ್ನು ತಿಳಿಸುವ ಮಾತಿಲ್ಲ. ಹೊದಿಸಿದ ಶಾಲನ್ನು ಕಿತ್ತೆಸೆಯುವುದು, ನಡುಮಧ್ಯಾಹ್ನ ಎರಡು ಸ್ವೆಟರ್ ತೊಟ್ಟು ಬೆವರುವುದು, ಸ್ನಾನವೆಂದರೆ ಕೂಗಾಡುವುದು, ಇವೆಲ್ಲವನ್ನೂ ಮನೆಯವರು ಹಟವೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಅವು ಹಟವಲ್ಲ; ಮಾತು ಸೋತಾಗ ದೇಹವು ಆಡುವ ಭಾಷೆ. ಆದುದರಿಂದ ಇಂತಹವರ ಆರೈಕೆಯಲ್ಲಿ ಕೇಳಿ ತಿಳಿಯುವುದಕ್ಕಿಂತ ನೋಡಿ, ಮುಟ್ಟಿ ತಿಳಿಯುವುದೇ ಹೆಚ್ಚು. ಬೆಳಿಗ್ಗೆ, ರಾತ್ರಿ ಹೊಟ್ಟೆಯನ್ನೂ ಪಾದವನ್ನೂ ಮುಟ್ಟಿ ನೋಡಬೇಕು. ಹೊಟ್ಟೆಯೇ ತಣ್ಣಗಿದ್ದು, ಮಾತು ತೊದಲಿ ಮಂಕು ಕವಿದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಬಟ್ಟೆಯ ವಿಷಯದಲ್ಲಿ ಒಂದು ದಪ್ಪ ಉಣ್ಣೆಯ ಉಡುಪಿಗಿಂತ ಎರಡು ಮೂರು ತೆಳುವಾದ ಹತ್ತಿಯ ಉಡುಪುಗಳು ಮೇಲು. ಬಿಸಿಲೇರಿದಂತೆ ಒಂದೊಂದಾಗಿ ತೆಗೆಯಬಹುದು. ಮುಂದೆ ಗುಂಡಿಯಿರುವ ಅಂಗಿ, ಜಾರದ ಕಾಲುಚೀಲ, ಕಿವಿ ಮುಚ್ಚುವ ಮಫ್ಲರ್ ಸಾಕು. ಬಿಸಿನೀರಿನ ಚೀಲವನ್ನು ಹಾಸಿಗೆಯಲ್ಲಿ ಬಿಟ್ಟು ಹೋಗಬಾರದು. ಸುಡುತ್ತಿದೆಯೆಂದು ಹೇಳಲಾರದವನಿಗೆ ಬೊಬ್ಬೆಯೆದ್ದ ಮೇಲೆಯೇ ಅದು ಇತರರಿಗೆ ತಿಳಿಯುತ್ತದೆ.

ಸ್ನಾನಕ್ಕೆ ಬೆಳಗಿನ 6 ಗಂಟೆಯ ಶಾಸ್ತ್ರ ಬೇಡ. ನಡುಹಗಲು, ಕಿಟಕಿ ಮುಚ್ಚಿ, ನೀರಿನ ಬಿಸಿಯನ್ನು ಆರೈಕೆ ಮಾಡುವವರು ತಮ್ಮ ಮೊಣಕೈಯಿಂದ ಪರೀಕ್ಷಿಸಿ, ಮೊದಲು ಕಾಲಿಗೆ ಎರೆದು ಆಮೇಲೆ ಮೈಗೆ ಎರೆಯಬೇಕು. ಒಲ್ಲದ ದಿನ ಬಿಸಿನೀರಿನ ಬಟ್ಟೆಯಿಂದ ಮೈ ಒರೆಸಿದರೂ ಆದೀತು. ಗಾಳಿಯಾಡದ ಸಣ್ಣ ಬಚ್ಚಲಿನಲ್ಲಿ ಗ್ಯಾಸ್ ಗೀಸರನ್ನು ಉರಿಯಲು ಬಿಟ್ಟು ಬಾಗಿಲು ಮುಚ್ಚುವುದು ಪ್ರಾಣಾಪಾಯಕ್ಕೆ ಆಹ್ವಾನವಿತ್ತಂತೆ. ಅದರಿಂದ ಹೊಮ್ಮಬಹುದಾದ ಕಾರ್ಬನ್ ಮೋನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸ್ನಾನದ ಬಳಿಕ ತೆಂಗಿನೆಣ್ಣೆ ಹಚ್ಚುವುದು ಒಣಚರ್ಮಕ್ಕೆ ಒಳ್ಳೆಯದು. ಆದರೆ ಅಂಗಾಲಿಗೆ ಹಚ್ಚಿ ನಡೆಸಿದರೆ ಜಾರಿ ಸೊಂಟ ಮುರಿಯುವ ಭಯವಿದೆ.

ಚಳಿಗಾಲದಲ್ಲಿ ಬಾಯಾರಿಕೆ ಕಡಿಮೆ. ಮರೆವಿನ ರೋಗಿಯಂತೂ ನೀರನ್ನು ಕೇಳುವುದನ್ನೇ ಮರೆಯುತ್ತಾನೆ. ಇದರಿಂದ ಮಲಬದ್ಧತೆಯೂ ಮೂತ್ರನಾಳದ ಸೋಂಕೂ ಉಂಟಾಗಿ, ನಿನ್ನೆಯವರೆಗೆ ಶಾಂತನಾಗಿದ್ದವನು ಇಂದು ಹಠಾತ್ತನೆ ಬಡಬಡಿಸತೊಡಗುತ್ತಾನೆ. ಇದನ್ನು ರೋಗವು ಉಲ್ಬಣಿಸಿತೆಂದು ಕೈಚೆಲ್ಲುವವರೇ ಹೆಚ್ಚು. ಒಂದೆರಡು ದಿನಗಳಲ್ಲಿ ಬಂದ ಇಂತಹ ಬದಲಾವಣೆಯ ಹಿಂದೆ ಸಾಮಾನ್ಯವಾಗಿ ಸೋಂಕೋ ನೋವೋ ಇರುತ್ತದೆ, ಅದಕ್ಕೆ ಔಷಧವಿದೆ. ಬೆಚ್ಚಗಿನ ನೀರು, ಗಂಜಿ, ಸಾರು ಇವನ್ನು ಗಂಟೆಗಂಟೆಗೆ ಸ್ವಲ್ಪಸ್ವಲ್ಪವಾಗಿ, ನೇರವಾಗಿ ಕುಳ್ಳಿರಿಸಿ ಕೊಡಬೇಕು. ಕುಡಿಯುವಾಗ ಕೆಮ್ಮುವವರ ವಿಷಯದಲ್ಲಿ ವೈದ್ಯರನ್ನು ಕೇಳಬೇಕು, ಏಕೆಂದರೆ ತೆಳುವಾದ ದ್ರವವು ಶ್ವಾಸಕೋಶಕ್ಕಿಳಿದು ನ್ಯುಮೋನಿಯ ಬರಬಹುದು.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ನೆಗಡಿಯೆಂದು ಔಷಧದಂಗಡಿಯಿಂದ ನೇರವಾಗಿ ತರುವ ಹಲವು ಸಿರಪ್ ಮತ್ತು ಗುಳಿಗೆಗಳಲ್ಲಿ ಕ್ಲೋರ್‌ಫೆನಿರಾಮಿನ್, ಡೈಫೆನ್‌ಹೈಡ್ರಮಿನ್ ಮುಂತಾದ ಔಷಧಗಳಿರುತ್ತವೆ. ತರುಣರಿಗೆ ಅವು ನಿದ್ದೆ ತರುತ್ತವೆ, ಅಷ್ಟೆ. ಮರೆವಿನ ರೋಗಿಯ ಗೊಂದಲವನ್ನಾದರೋ ಬಹಳವಾಗಿ ಹೆಚ್ಚಿಸುತ್ತವೆ. ಭಾಭಾ ಆಸ್ಪತ್ರೆಯಂತಹ ಮಹಾನಗರಪಾಲಿಕೆಯ ಆಸ್ಪತ್ರೆಯು ಕುರ್ಲಾದಲ್ಲಿಯೇ ಇರುವಾಗ ಅಂಗಡಿಯವನನ್ನು ವೈದ್ಯನನ್ನಾಗಿ ಮಾಡುವ ಅಗತ್ಯವಿಲ್ಲ. ಫ್ಲೂ ಮತ್ತು ನ್ಯುಮೋನಿಯದ ಲಸಿಕೆಗಳ ವಿಷಯವನ್ನೂ ಚಳಿಗೆ ಮೊದಲೇ ವೈದ್ಯರಲ್ಲಿ ವಿಚಾರಿಸುವುದು ಉಚಿತ.

ಸಂಜೆಯ ತಳಮಳ

ಮುಂಬಯಿಯಲ್ಲಿ ಜೂನ್ ತಿಂಗಳ ಹಗಲು ಸುಮಾರು 13 ಗಂಟೆ 15 ನಿಮಿಷ. ಡಿಸೆಂಬರದ ಹಗಲು 11 ಗಂಟೆಯಷ್ಟೆ. ನವೆಂಬರದ ಕೊನೆಯಲ್ಲಿ 6 ಗಂಟೆಗೆಲ್ಲ ಸೂರ್ಯನು ಮುಳುಗುತ್ತಾನೆ. ಮರೆವಿನ ರೋಗಿಗಳಲ್ಲಿ ಅನೇಕರು ಇಳಿಹೊತ್ತಿನಲ್ಲಿ ಚಡಪಡಿಸುತ್ತಾರೆ, ಭಯಪಡುತ್ತಾರೆ, ‘ಮನೆಗೆ ಹೋಗಬೇಕು’ ಎಂದು ಬಾಗಿಲಿಗೆ ಬರುತ್ತಾರೆ. ಕತ್ತಲೆಯು ಬೇಗ ಬಂದಂತೆ ಈ ತಳಮಳವೂ ಬೇಗ ಆರಂಭವಾಗುತ್ತದೆ. ಬೆಳಿಗ್ಗೆ ಅರ್ಧ ಗಂಟೆಯಾದರೂ ಬಿಸಿಲಿನಲ್ಲಿ ಕುಳ್ಳಿರಿಸುವುದು, ಹಗಲು ನಿದ್ದೆಯನ್ನು ಕಡಿಮೆ ಮಾಡುವುದು, ಸೂರ್ಯಾಸ್ತಕ್ಕೆ ಮೊದಲೇ ದೀಪಗಳನ್ನೆಲ್ಲ ಬೆಳಗುವುದು ಇದಕ್ಕೆ ಸುಲಭೋಪಾಯಗಳು.

ಕುರ್ಲಾದಲ್ಲಿ ‘ಮನೆಗೆ ಹೋಗಬೇಕು’ ಎಂಬ ಮಾತಿಗೆ ವಿಶೇಷವಾದ ಅರ್ಥವೂ ಅಪಾಯವೂ ಇವೆ. ಮಂಗಳೂರಿನ ಕಡೆಗೆ ಮತ್ಸ್ಯಗಂಧಾ ರೈಲು ಹೊರಡುವ ಲೋಕಮಾನ್ಯ ತಿಲಕ್ ಟರ್ಮಿನಸ್ ಇರುವುದು ಇಲ್ಲಿಯೇ. ಹದಿನೈದರ ಹರೆಯದಲ್ಲಿ ಊರು ಬಿಟ್ಟು ಬಂದು, ಹೋಟೆಲಿನಲ್ಲಿಯೋ ಗಿರಣಿಯಲ್ಲಿಯೋ ಕಾರ್ಖಾನೆಯಲ್ಲಿಯೋ ದುಡಿದ ವೃದ್ಧನಿಗೆ ಐವತ್ತು ವರ್ಷ ಬಾಳಿದ ಕೋಣೆಯು ಮರೆತುಹೋಗಿ, ಗದ್ದೆಯ ಬದಿಯ ಹಂಚಿನ ಮನೆಯೇ ಮನೆಯಾಗಿ ಉಳಿದಿರುತ್ತದೆ. ‘ಇದೇ ನಿಮ್ಮ ಮನೆ, ಅಷ್ಟೂ ತಿಳಿಯುವುದಿಲ್ಲವೇ?’ ಎಂದು ಗದರಿಸಿದರೆ ಅವನ ಭಯ ಹೆಚ್ಚೀತೇ ಹೊರತು ತಿಳಿವು ಮರಳದು. ‘ಆಗಲಿ ಮಾವ, ಗಂಜಿ ಕುಡಿದು ಹೊರಡೋಣ’ ಎಂಬ ಸೊಸೆಯ ಮಾತಿನಲ್ಲಿ ಸುಳ್ಳಿಗಿಂತ ಕರುಣೆಯೇ ಹೆಚ್ಚು. ಆದರೂ ಹೊರಗೆ ಹೊರಟೇಬಿಡುವ ಸಾಧ್ಯತೆಯಿರುವುದರಿಂದ ಹೆಸರು ಮತ್ತು ಮನೆಯವರ ದೂರವಾಣಿ ಸಂಖ್ಯೆಯನ್ನು ಮರಾಠಿ, ಹಿಂದಿ, ಕನ್ನಡಗಳಲ್ಲಿ ಬರೆದು ಅಂಗಿಯ ಒಳಗೆ ಹೊಲಿದಿಡಬೇಕು. ಕಾಣೆಯಾದರೆ ಇಪ್ಪತ್ತನಾಲ್ಕು ಗಂಟೆ ಕಾಯಬೇಕೆಂಬುದು ತಪ್ಪು ತಿಳಿವಳಿಕೆ. ಕೂಡಲೇ 112ಕ್ಕೆ ಕರೆಮಾಡಿ ಪೋಲೀಸರಿಗೆ ತಿಳಿಸಬೇಕು. ಡಿಸೆಂಬರದ ರಾತ್ರಿ ಫಲಾಟಿನ ಸಿಮೆಂಟಿನ ಮೇಲೆ ಕಳೆದ ನಾಲ್ಕು ಗಂಟೆಗಳೇ ಎಂಬತ್ತು ವರ್ಷದವನಿಗೆ ಮಾರಕವಾಗಬಲ್ಲವು.

ನವೆಂಬರದ ಕಾಗದಪತ್ರಗಳು

ಚಳಿಗಾಲದ ಆರಂಭದೊಡನೆಯೇ ಪಿಂಚಣಿದಾರರ ಜೀವಿತ ಪ್ರಮಾಣಪತ್ರದ ತಿಂಗಳೂ ಬರುತ್ತದೆ. ರೋಗಿಯನ್ನು ರಿಕ್ಷಾದಲ್ಲಿ ಕರೆತಂದು ಸಾಲಿನಲ್ಲಿ ನಿಲ್ಲಿಸುವ ದೃಶ್ಯವು ಬ್ಯಾಂಕುಗಳಲ್ಲಿ ಇಂದಿಗೂ ಅಪರೂಪವಲ್ಲ. ಅದರ ಅಗತ್ಯವಿಲ್ಲ. ‘ಜೀವನ ಪ್ರಮಾಣ’ ಎಂಬ ವ್ಯವಸ್ಥೆಯು 2014ರಿಂದಲೂ, ಮೊಬೈಲಿನಲ್ಲಿ ಮುಖಚಹರೆಯಿಂದ ದೃಢೀಕರಿಸುವ ಸೌಲಭ್ಯವು 2021ರಿಂದಲೂ ಇವೆ. 80 ವರ್ಷ ದಾಟಿದ ಕೇಂದ್ರ ಸರಕಾರದ ಪಿಂಚಣಿದಾರರು ಅಕ್ಟೋಬರದಲ್ಲಿಯೇ ಪ್ರಮಾಣಪತ್ರ ಸಲ್ಲಿಸಬಹುದು. 70 ವರ್ಷ ದಾಟಿದವರಿಗೆ ಮನೆಬಾಗಿಲಿನಲ್ಲಿಯೇ ಮೂಲಭೂತ ಸೇವೆಗಳನ್ನು ಒದಗಿಸಬೇಕೆಂದು ರಿಸರ್ವ್ ಬ್ಯಾಂಕು 2017ರಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ.

ಇದಕ್ಕಿಂತಲೂ ಮಹತ್ತ್ವದ ವಿಷಯವೊಂದಿದೆ. ತಂದೆಯು ಬರೆದುಕೊಟ್ಟ ಮುಖತ್ಯಾರಪತ್ರವಿದೆಯೆಂದು ಮಕ್ಕಳು ನಿಶ್ಚಿಂತರಾಗಿರುತ್ತಾರೆ. ಆದರೆ 1872ರ ಭಾರತೀಯ ಕರಾರು ಅಧಿನಿಯಮದ 201ನೆಯ ಕಲಮಿನಂತೆ, ಬರೆದುಕೊಟ್ಟವನ ಬುದ್ಧಿಯು ಸ್ಥಿಮಿತ ತಪ್ಪಿದಾಗ ಸಾಮಾನ್ಯ ಮುಖತ್ಯಾರಪತ್ರದ ಬಲವೂ ಮುಗಿಯುತ್ತದೆ. ಅಂದರೆ ಅದು ಅತ್ಯಂತ ಅಗತ್ಯವಾದ ಹೊತ್ತಿನಲ್ಲಿಯೇ ಕೈಕೊಡುತ್ತದೆ. ಆ ಮೇಲೆ ಉಚ್ಚ ನ್ಯಾಯಾಲಯದಿಂದ ಪಾಲಕನನ್ನು ನೇಮಿಸಿಕೊಳ್ಳುವ ದೀರ್ಘವಾದ ದಾರಿಯೇ ಗತಿಯಾಗುವುದುಂಟು. ಆದುದರಿಂದ ಮರೆವಿನ ಮೊದಲ ಚಿಹ್ನೆಗಳು ಕಂಡಾಗ, ಅವರಿಗೆ ವಿಷಯ ತಿಳಿಯುವಷ್ಟು ವಿವೇಕವಿರುವಾಗಲೇ, ಜಂಟಿ ಖಾತೆ, ನಾಮನಿರ್ದೇಶನ, ಮೃತ್ಯುಪತ್ರ ಇವನ್ನು ಅವರ ಇಚ್ಛೆಯಂತೆ ಸರಿಪಡಿಸುವುದು ಅಗತ್ಯ. ಹಿರಿಯರಿಗೆ ಗುರುತಿದ್ದ ಬ್ಯಾಂಕುಗಳ ಹೆಸರುಗಳೇ ಈಗ ಇಲ್ಲವಲ್ಲ! ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿಯೂ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿಯೂ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ಹಳೆಯ ಫಲಕವನ್ನು ಹುಡುಕುತ್ತ ಬೀದಿಯಲ್ಲಿ ಅಲೆಯುವ ವೃದ್ಧನನ್ನು ಹುಚ್ಚನೆನ್ನುವ ಮೊದಲು ಈ ಮಾತನ್ನು ನೆನೆಯಬೇಕು.

ಒಬ್ಬಳ ಹೆಗಲ ಮೇಲೆ

ಮೇಲೆ ಹೇಳಿದ ಕರ್ತವ್ಯಗಳನ್ನೆಲ್ಲ ಮಾಡುವವರು ಯಾರು? ‘ಮನೆಯವರು’ ಎಂದು ಬರೆಯುವುದು ಸುಲಭ. ಹೆಚ್ಚಿನ ಕಡೆಗಳಲ್ಲಿ ಆ ಬಹುವಚನವು ಒಬ್ಬ ಹೆಂಡತಿ, ಒಬ್ಬ ಸೊಸೆ ಅಥವಾ ಒಬ್ಬ ಮಗಳು. ಮಗನು 7 ಗಂಟೆಯ ಲೋಕಲಿಗೆ ಹೊರಡುತ್ತಾನೆ, ಮಕ್ಕಳು ಶಾಲೆಗೆ ಹೋಗುತ್ತಾರೆ. ವಾರಕ್ಕೆ 168 ಗಂಟೆಗಳು. ರೋಗಿಯ ಬಳಿ ಉಳಿಯುವವಳು ಆಕೆಯೊಬ್ಬಳೇ. ಚಳಿಗಾಲದ ದೀರ್ಘರಾತ್ರಿಗಳಲ್ಲಿ ಆಕೆಗೆ ನಿದ್ದೆಯೂ ಇಲ್ಲ. ಆಕೆಯ ರಕ್ತದೊತ್ತಡವನ್ನು ಅಳೆಯುವವರಿಲ್ಲ. ಆಕೆಗೆ ಸಿಟ್ಟು ಬಂದರೆ ‘ಮುದುಕರ ಮೇಲೆ ರೇಗುತ್ತಾಳೆ’ ಎಂಬ ಅಪವಾದ ಬೇರೆ. ಆರೈಕೆ ಮಾಡುವವಳು ಹಾಸಿಗೆ ಹಿಡಿದರೆ ಆ ದಿನವೇ ರೋಗಿಯ ಆರೈಕೆಯೂ ನಿಲ್ಲುತ್ತದೆ ಎಂಬ ಸರಳ ಸತ್ಯವನ್ನು ಬಂಧುಗಳು ಮರೆಯುತ್ತಾರೆ. ಇದೂ ಒಂದು ಬಗೆಯ ಮರೆವಿನ ರೋಗವೆಂದರೆ ತಪ್ಪಾಗಲಾರದು.

ಮುಂಬಯಿಯ ಕನ್ನಡ ಮನೆಗಳಲ್ಲಿ ಭಾಷೆಯ ತೊಡಕೂ ಇದೆ. ಹೈದರಾಬಾದಿನಲ್ಲಿ 648 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಡಾ. ಸುವರ್ಣಾ ಅಲ್ಲಾಡಿಯವರ ತಂಡದ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಭಾಷೆಗಳನ್ನಾಡುವವರಲ್ಲಿ ಈ ರೋಗವು ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡುದು ಕಂಡುಬಂದಿತು. ತುಳು, ಕನ್ನಡ, ಮರಾಠಿ, ಹಿಂದಿಗಳನ್ನು ಒಂದೇ ದಿನದಲ್ಲಿ ಬಳಸುವ ಇಲ್ಲಿಯ ಕನ್ನಡಿಗರಿಗೆ ಇದು ಸಂತೋಷದ ವಿಷಯವೇ ಸರಿ. ಆದರೆ ರೋಗವು ಬಂದ ಮೇಲೆ, ಅನೇಕರಲ್ಲಿ ತಡವಾಗಿ ಕಲಿತ ಭಾಷೆಗಳು ಮೊದಲು ಜಾರಿ ತಾಯ್ನುಡಿಯು ಕೊನೆಯವರೆಗೆ ಉಳಿಯುತ್ತದೆ. ಸಂಬಳಕ್ಕೆ ಬರುವ ಆಯಾಳಿಗೆ ಆ ನುಡಿ ಬಾರದು. ಇಂಗ್ಲಿಷ್ ಶಾಲೆಗೆ ಹೋಗುವ ಮೊಮ್ಮಕ್ಕಳಿಗೂ ಅಷ್ಟಕ್ಕಷ್ಟೆ. ಹೀಗೆ ತುಂಬಿದ ಮನೆಯಲ್ಲಿಯೇ ಹಿರಿಯನು ಮಾತಿಲ್ಲದೆ ಒಬ್ಬಂಟಿಯಾಗುತ್ತಾನೆ.

ಸಂಘವು ಮಾಡಬಹುದಾದುದು

ಕನ್ನಡ ಸಂಘದ ಕೆಲಸವು ಇಲ್ಲಿ ಆರಂಭವಾಗಬೇಕು. ‘ಸಂಘವೇನು ಆಸ್ಪತ್ರೆಯೇ?’ ಎಂದು ಆಕ್ಷೇಪಿಸುವವರು ಇತಿಹಾಸವನ್ನು ನೆನೆಯಬೇಕು. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಶನ್, 1927ರಲ್ಲಿ ಹುಟ್ಟಿ ಇಂದು ಕುರ್ಲಾ ಪೂರ್ವದಲ್ಲಿ ನೆಲೆಸಿರುವ ಬಂಟರ ಸಂಘ ಮುಂತಾದವು ಮುಂಬಯಿಯಲ್ಲಿ ಬೆಳೆದು ನಿಂತುದು ಸಭೆ ಸಮಾರಂಭಗಳಿಂದ ಮಾತ್ರವಲ್ಲ. ಹೋಟೆಲಿನಲ್ಲಿ ದುಡಿಯುವ ಹುಡುಗರಿಗಾಗಿ ಈ ನಗರದಲ್ಲಿ ಕನ್ನಡ ರಾತ್ರಿಶಾಲೆಗಳು ನಡೆದವು. ಸಂಘಗಳು ಶಾಲೆಗಳಲ್ಲದಿದ್ದರೂ ಅಂದಿನ ಹಿರಿಯರು ಅಕ್ಷರದ ಹೊಣೆಯನ್ನು ಹೊತ್ತರು. ಅಂದು ಆ ಬೆಂಚುಗಳ ಮೇಲೆ ಕುಳಿತ ಹುಡುಗರೇ ಇಂದಿನ ಎಂಬತ್ತರ ವೃದ್ಧರು. ಅಕ್ಷರವನ್ನು ಕಲಿಸಿದ ಸಮಾಜವು, ಅವರು ಅಕ್ಷರವನ್ನು ಮರೆಯುವ ಕಾಲದಲ್ಲಿ ದೂರ ಸರಿಯಬಹುದೇ?

ಬೇಕಾದುದು ದೊಡ್ಡ ನಿಧಿಯಲ್ಲ, ಸಮಯ. ಸಂಘವೊಂದು ಹತ್ತು ಮನೆಗಳನ್ನು ಗುರುತಿಸಿ, ನವೆಂಬರದಿಂದ ಫೆಬ್ರವರಿಯವರೆಗಿನ 17 ವಾರಗಳಲ್ಲಿ ಪ್ರತಿ ಮನೆಗೆ ವಾರಕ್ಕೆ 4 ಗಂಟೆಗಳ ಬಿಡುವನ್ನು ಕೊಡಲಿ. ಒಟ್ಟು 680 ಗಂಟೆಗಳಾದವು. ಭದ್ರತೆಗೂ ವಿಶ್ವಾಸಕ್ಕೂ ಇಬ್ಬರು ಜೊತೆಯಾಗಿ ಹೋಗಬೇಕಾದುದರಿಂದ 1,360 ಗಂಟೆಗಳು. ನಲವತ್ತು ಮಂದಿ ಸ್ವಯಂಸೇವಕರಿದ್ದರೆ ಒಬ್ಬೊಬ್ಬರ ಪಾಲಿಗೆ ಇಡೀ ಚಳಿಗಾಲಕ್ಕೆ 34 ಗಂಟೆ, ಎಂದರೆ ವಾರಕ್ಕೆ ಎರಡೇ ಗಂಟೆ. ನಾಟಕದ ತಾಲೀಮಿಗೆ ಇದಕ್ಕಿಂತ ಹೆಚ್ಚು ಸಮಯ ಸಲ್ಲುತ್ತದೆ. ಆ ನಾಲ್ಕು ಗಂಟೆಗಳಲ್ಲಿ ಸ್ವಯಂಸೇವಕರು ಚಿಕಿತ್ಸೆಯನ್ನೇನೂ ಮಾಡಬೇಕಾಗಿಲ್ಲ. ಬಿಸಿಲಿನಲ್ಲಿ ಜೊತೆಗೆ ಕುಳಿತು ಕನ್ನಡದಲ್ಲಿ, ತುಳುವಿನಲ್ಲಿ ಮಾತನಾಡುವುದು, ಪತ್ರಿಕೆ ಓದಿ ಹೇಳುವುದು, ಹಳೆಯ ಭಜನೆಯನ್ನೋ ಯಕ್ಷಗಾನದ ಪದವನ್ನೋ ಹಾಡುವುದು ಸಾಕು. ಹೆಸರು ಮರೆತವರೂ ಹಾಡನ್ನು ಮರೆಯದಿರುವುದನ್ನು ಬಲ್ಲವರು ಬಲ್ಲರು. ಅಷ್ಟು ಹೊತ್ತು ಆ ಮನೆಯ ಹೆಣ್ಣುಮಗಳು ನಿದ್ದೆ ಮಾಡಲಿ, ತನ್ನ ವೈದ್ಯರಲ್ಲಿಗೆ ಹೋಗಲಿ, ಸುಮ್ಮನೆ ಪೇಟೆ ಸುತ್ತಿ ಬರಲಿ.

ರೋಗಿಯಿರುವುದನ್ನು ಬಚ್ಚಿಡುವ ಮನೆಗಳೂ ಇವೆ. ಮಗಳ ಸಂಬಂಧಕ್ಕೆ ತೊಡಕಾದೀತೆಂಬ ಅಂಜಿಕೆ ಅವರದು. ಮನೆಯ ವಿಷಯವು ಹೊರಗೆ ಹೋಗದೆಂಬ ಭರವಸೆಯನ್ನು ಸ್ವಯಂಸೇವಕರು ನಡತೆಯಿಂದಲೇ ಗಳಿಸಬೇಕು. ತರಬೇತಿಗೆ ಮಾರ್ಗದರ್ಶನ ದೊರೆಯದೆ ಇಲ್ಲ. 1992ರಲ್ಲಿ ಕೊಚ್ಚಿಯಲ್ಲಿ ಆರಂಭವಾದ ಭಾರತದ ಆಲ್‌ಝೈಮರ್ ಸಂಸ್ಥೆಗೆ ಮುಂಬಯಿಯಲ್ಲಿ ಶಾಖೆಯಿದೆ. ಹಿರಿಯರ ಸಹಾಯವಾಣಿ 14567. ಮಾನಸಿಕ ಸಾಂತ್ವನಕ್ಕಾಗಿ 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಂಖ್ಯೆ 14416. ಈ ಎರಡನೆಯದು ರೋಗಿಗಿಂತಲೂ ಆರೈಕೆ ಮಾಡುವವರಿಗೆ ಹೆಚ್ಚು ಉಪಯುಕ್ತವಾದೀತು.

ಸಂಘಗಳ ವಾರ್ಷಿಕೋತ್ಸವಗಳು ನಡೆಯುವುದು ಹೆಚ್ಚಾಗಿ ಇದೇ ಚಳಿಗಾಲದಲ್ಲಿ. ವೇದಿಕೆಯ ಮೇಲೆ ಹಿರಿಯರಿಗೆ ಶಾಲು ಹೊದಿಸಿ, ಹಣ್ಣುಕಾಯಿಯಿತ್ತು ಸನ್ಮಾನಿಸುವುದು ಉತ್ತಮ ಸಂಪ್ರದಾಯವೇ. ಆದರೆ ವೇದಿಕೆಯವರೆಗೆ ನಡೆದು ಬರಬಲ್ಲ ಹಿರಿಯರಿಗೆ ಶಾಲಿನ ಕೊರತೆಯಿಲ್ಲ. ತನ್ನ ಹೆಸರು ಕೂಗಿದರೂ ತಿಳಿಯದೆ, ಚಳಿಯಾದರೂ ಹೇಳದೆ, ಒಳಗಿನ ಕೋಣೆಯಲ್ಲಿ ಕುಳಿತಿರುವ ಸದಸ್ಯನೊಬ್ಬನು ಅದೇ ಬೀದಿಯಲ್ಲಿದ್ದಾನೆ. ಈ ವರ್ಷದ ಕಾರ್ಯಕಾರಿ ಸಮಿತಿಯು ಮೊದಲ ಶಾಲನ್ನು ಆ ಮನೆಗೆ ಒಯ್ಯಲಿ. ಕೊಟ್ಟು ಹಿಂತಿರುಗದೆ ಎರಡು ಗಂಟೆ ಅಲ್ಲಿಯೇ ಕುಳಿತಿರಲಿ. ಅವನು ಸಂಘವನ್ನು ಮರೆತಿರಬಹುದು. ಸಂಘವು ಅವನನ್ನು ಮರೆಯುವುದು ಮಾತ್ರ ಕ್ಷಮ್ಯವಲ್ಲ.